ಹಳೇ ಕಾರಿನ ಕಾರ್ಬ್ಯುರೇಟರ್ ‘ಓವರ್’ ಆಗುತ್ತಿದ್ದರೆ: ಫ್ಲೋಟಿನ ನಾಲಿಗೆ ಬಗ್ಗಿಸುವ ಮುನ್ನ

ರಾತ್ರಿ ನಿಲ್ಲಿಸಿದ ಹಳೇ ಕಾರಿನ ಕೆಳಗೆ ಬೆಳಿಗ್ಗೆ ಒದ್ದೆ ಕಲೆ, ಶೆಡ್ಡಿನ ತುಂಬ ಪೆಟ್ರೋಲ್ ವಾಸನೆ. ಎಂಜಿನ್ ಎಬ್ಬಿಸಲು ಹ್ಯಾಂಡಲ್ ಹೊಡೆದರೆ ಕೆಮ್ಮಿ ಸುಮ್ಮನಾಗುತ್ತದೆ, ಪ್ಲಗ್ ಬಿಚ್ಚಿದರೆ ಕರ‍್ರಗೆ, ಹಸಿ. ‘ಕಾರ್ಬೋರೇಟರ್ ಓವರ್ ಆಗೇತ್ರಿ’ ಎಂದು ಹುಬ್ಬಳ್ಳಿಯ ಯಾವ ಮೆಕ್ಯಾನಿಕ್ ಆದರೂ ಹೇಳಿಯಾನು, ಹೇಳಿದ್ದು ಸರಿಯೂ ಇರುತ್ತದೆ: ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಮಟ್ಟ ಮೀರಿ ಉಕ್ಕುತ್ತಿದೆ. ಎಡವಟ್ಟಾಗುವುದು ಅದರ ಮುಂದಿನ ಕೆಲಸದಲ್ಲಿ. ಮುಚ್ಚಳ ಬಿಚ್ಚಿ, ಇಕ್ಕಳದಿಂದ ಫ್ಲೋಟಿನ ನಾಲಿಗೆಯನ್ನು ಒಂಚೂರು ಬಗ್ಗಿಸಿ ಕೂರಿಸುತ್ತಾರೆ. ಸೋರುವುದು ನಾಲ್ಕು ದಿನ ನಿಲ್ಲುತ್ತದೆ. ಆಮೇಲೆ ಏರು ಹತ್ತುವಾಗ ಪೆಟ್ರೋಲ್ ಸಾಲದೆ ಗಾಡಿ ಜಗ್ಗುತ್ತದೆ, ಮತ್ತೊಂದು ವಾರಕ್ಕೆ ಸೋರುವುದೂ ವಾಪಸ್ ಬರುತ್ತದೆ. ನಾಲಿಗೆ ತಾನಾಗಿ ಬಗ್ಗಿರಲಿಲ್ಲ, ಕೆಟ್ಟಿದ್ದು ಬೇರೆಯೇ. ಹಾಗಾಗಿ ಈ ಲೇಖನದ ಕ್ರಮದಲ್ಲಿ ನಾಲಿಗೆ ಕೊನೆಗೆ ಬರುತ್ತದೆ.

ನಲ್ಲಿ ನೀರಿಗೆ ದಿನಗಟ್ಟಲೆ ಕಾದು ಸಂಪು ತುಂಬಿಸಿಕೊಳ್ಳುವ ಹುಬ್ಬಳ್ಳಿ-ಧಾರವಾಡದವರಿಗೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಚೇಂಬರನ್ನು ಹೆಚ್ಚು ವಿವರಿಸಬೇಕಿಲ್ಲ. ಅದು ಸಣ್ಣದೊಂದು ಬಾಲ್ ಕಾಕ್. ಪೆಟ್ರೋಲ್ ಮೇಲೇರಿದಂತೆ ಫ್ಲೋಟ್ ತೇಲಿ, ತನ್ನ ನಾಲಿಗೆಯಿಂದ ನೀಡಲನ್ನು (ಮೊನೆಯಿರುವ ಕಡ್ಡಿ) ಸೀಟಿಗೆ (ಪೆಟ್ರೋಲ್ ಒಳಬರುವ ತೂತಿನ ಬಾಯಿ) ಒತ್ತಿ, ದಾರಿ ಮುಚ್ಚುತ್ತದೆ. ಜರ್ಮನಿಯ ಎಂಜಿನಿಯರ್ ಮೇಬ್ಯಾಕ್ 1893ರಲ್ಲಿ ಜೆಟ್ ಎಂಬ ಸಣ್ಣ ತೂತಿನ ನಳಿಗೆಯಿಂದ ಪೆಟ್ರೋಲ್ ಚಿಮ್ಮಿಸುವ ಕಾರ್ಬ್ಯುರೇಟರ್ ಮಾಡಿದಾಗಿನಿಂದ ಈ ತತ್ವ ಬದಲಾಗಿಲ್ಲ. ಜೆಟ್ಟಿನ ಬಾಯಿಗಿಂತ ಸ್ವಲ್ಪ ಕೆಳಗೆ ಪೆಟ್ರೋಲ್ ನಿಲ್ಲಬೇಕು. ಆರಂಭದ ಹಲವು ಕಾರ್ಬ್ಯುರೇಟರುಗಳಲ್ಲಿ ಈ ಅಂತರ ಬರೀ 1.5ರಿಂದ 3 ಮಿ.ಮೀ. ಅಷ್ಟು ಏರಿದರೆ ಸಾಕು, ಎಂಜಿನ್ ಎಳೆಯದಿದ್ದರೂ ಜೆಟ್ಟಿನ ಬಾಯಿಂದ ಪೆಟ್ರೋಲ್ ತಾನೇ ಜಿನುಗುತ್ತದೆ.

ಮುಚ್ಚುವ ಕೆಲಸ ಮೂರು ಸಂಗತಿಗಳ ಮೇಲೆ ನಿಂತಿದೆ: ಫ್ಲೋಟ್ ಎತ್ತುವ ಬಲ, ನೀಡಲ್ ಮತ್ತು ಸೀಟಿನ ಹೊಂದಿಕೆ, ಹಿಂದಿನಿಂದ ನೂಕುವ ಪೆಟ್ರೋಲಿನ ಒತ್ತಡ. ಇವುಗಳಲ್ಲಿ ಯಾವುದು ತಪ್ಪಿದೆ ಎಂದು ತಿಳಿಯದೆ ರಿಪೇರಿಗೆ ಕೈ ಹಾಕಬಾರದು.

ಕೈ ಹಾಕುವ ಮೊದಲು

ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಗ್ಗಿನಲ್ಲಿ ಸೇರಿಕೊಳ್ಳುತ್ತದೆ. ಸೋರುವ ಗಾಡಿಯನ್ನು ಗ್ಯಾರೇಜಿನ ಗುಂಡಿಯ ಮೇಲೆ ನಿಲ್ಲಿಸಬೇಡಿ, ಬಯಲಿಗೆ ತನ್ನಿ. ಬ್ಯಾಟರಿಯ ತಂತಿ ಬಿಚ್ಚಿ. ಒಂದು ಬಕೆಟ್ ಒಣ ಮರಳು, ಒಂದು ಪುಡಿಯ ಬೆಂಕಿ ಆರಿಸುವ ಸಿಲಿಂಡರ್ ಕೈಗೆಟಕುವಂತಿರಲಿ. ನೀರು ಬೇಡ, ಉರಿಯುವ ಪೆಟ್ರೋಲ್ ನೀರಿನ ಮೇಲೆ ತೇಲಿ ಇನ್ನಷ್ಟು ಹರಡುತ್ತದೆ. ಗಾಳಿ ಕೆಳಗಿನಿಂದ ಮೇಲೆ ಹೋಗುವ ಹಳೇ ಮಾದರಿಗಳಲ್ಲಿ, ಉದಾಹರಣೆಗೆ ಫೋರ್ಡ್ ಮಾಡೆಲ್ ಟಿಯಲ್ಲಿ, ಓವರ್ ಆದ ಪೆಟ್ರೋಲ್ ಹೊರಗೆ ನೆಲಕ್ಕೆ ತೊಟ್ಟಿಕ್ಕುತ್ತದೆ. ನಂತರ ಬಂದ, ಮೇಲಿನಿಂದ ಕೆಳಕ್ಕೆ ಗಾಳಿ ಎಳೆಯುವ ಕಾರ್ಬ್ಯುರೇಟರಿನಲ್ಲಿ ಅದು ಸೀದಾ ಎಂಜಿನ್ ಒಳಗೆ ಇಳಿಯುತ್ತದೆ. ಕಣ್ಣಿಗೆ ಕಾಣದ ಈ ಎರಡನೆಯದೇ ಹೆಚ್ಚು ಕೆಡುಕಿನದು.

ಸೆಕೆಂಡಿಗೆ ಒಂದು ಹನಿ ಎಂದರೆ ಏನೂ ಅಲ್ಲ ಅನಿಸಬಹುದು. ಇಪ್ಪತ್ತು ಹನಿಗೆ ಒಂದು ಮಿಲಿ ಲೀಟರ್ ಎಂದು ಲೆಕ್ಕ ಹಾಕಿದರೆ ಗಂಟೆಗೆ 180 ಮಿ.ಲೀ., ಎಂಟು ತಾಸಿನ ರಾತ್ರಿಗೆ ಹತ್ತಿರ ಹತ್ತಿರ ಒಂದೂವರೆ ಲೀಟರ್.

ಯಾವಾಗ ಸೋರುತ್ತದೆ, ಅದನ್ನು ಮೊದಲು ನೋಡಿ

ಸ್ಪ್ಯಾನರ್ ಹಿಡಿಯುವ ಮೊದಲು ಅರ್ಧ ತಾಸು ಬರೀ ಗಮನಿಸಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಟ್ಯಾಂಕು ಮೇಲಿದ್ದು ತನ್ನಷ್ಟಕ್ಕೇ ಪೆಟ್ರೋಲ್ ಇಳಿಯುವ ಗಾಡಿಯಲ್ಲಿ, ನಿಂತಾಗಲೂ ಸೋರಿದರೆ ನೀಡಲ್-ಸೀಟ್ ಅಥವಾ ಫ್ಲೋಟ್ ಕೆಟ್ಟಿದೆ. ಕಾರ್ಬ್ಯುರೇಟರಿನ ಮೈಯನ್ನು ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡಿ. ತಟ್ಟಿದಾಗ ನಿಂತರೆ ಸೀಟಿನಲ್ಲಿ ಕಸವಿದೆ ಅಥವಾ ನೀಡಲ್ ಅಂಟಿಕೊಂಡಿದೆ. ತಟ್ಟಿದರೂ ನಿಲ್ಲದಿದ್ದರೆ ಅನುಮಾನ ಫ್ಲೋಟಿನ ಮೇಲೆ.

ಪಂಪ್ ಇರುವ ಗಾಡಿಯಲ್ಲಿ ಎಂಜಿನ್ ಓಡುವಾಗ ಮಾತ್ರ ಸೋರಿದರೆ ಮೊದಲು ಒತ್ತಡ ಅಳೆಯಿರಿ. ಓಡುವಾಗ ಸರಿಯಿದ್ದು, ಬಿಸಿ ಎಂಜಿನ್ ಆರಿಸಿದ ಐದು-ಹತ್ತು ನಿಮಿಷಕ್ಕೆ ಸೋರಿದರೆ ಅದು ಕಾವಿನ ಕಾಟ. ತಣ್ಣಗಿದ್ದಾಗ ಹ್ಯಾಂಡಲ್ ಹೊಡೆದ ಮೇಲಷ್ಟೇ ಹನಿ ಕಂಡರೆ ಚೋಕ್ (ಗಾಳಿ ತಡೆದು ಪೆಟ್ರೋಲ್ ಹೆಚ್ಚಿಸುವ ಮುಚ್ಚಳ) ಅತಿಯಾಗಿದೆ. ಕಾರ್ಬ್ಯುರೇಟರಿನ ತಪ್ಪೇನೂ ಇಲ್ಲ. ಕೆಲವು ಹಳೇ ಮಾದರಿಗಳಲ್ಲಿ ಮುಚ್ಚಳದ ಮೇಲೆ ಒತ್ತುವ ಪುಟ್ಟ ಗುಂಡಿ, ಟಿಕ್ಲರ್, ಇರುತ್ತದೆ. ಅದು ಬೇಕೆಂದೇ ಫ್ಲೋಟನ್ನು ಮುಳುಗಿಸಿ ಓವರ್ ಮಾಡುವ ಸಾಧನ. ಅದರ ಸ್ಪ್ರಿಂಗ್ ಜಡ್ಡುಗಟ್ಟಿ ಗುಂಡಿ ಮೇಲೇಳದಿದ್ದರೆ ನೀವು ಏನೇ ಮಾಡಿದರೂ ಸೋರುತ್ತಲೇ ಇರುತ್ತದೆ. ಬಿಚ್ಚುವ ಮೊದಲು ಎರಡು ಸಲ ಒತ್ತಿ ಬಿಡಿ, ಪುಟಿಯಬೇಕು.

ಇನ್ನು ಎರಡು ಮೋಸಗಳಿವೆ. ಇವು ಓವರ್ ಆದಂತೆಯೇ ಕಾಣುತ್ತವೆ, ಆದರೆ ಕಾರ್ಬ್ಯುರೇಟರಿಗೆ ಸಂಬಂಧವಿಲ್ಲ. 1920ರ ದಶಕದ ಹಲವು ಗಾಡಿಗಳಲ್ಲಿ ಎಂಜಿನ್ನಿನ ಎಳೆತದಿಂದ ಪೆಟ್ರೋಲ್ ಮೇಲೆತ್ತುವ ವ್ಯಾಕ್ಯೂಮ್ ಟ್ಯಾಂಕ್ ಇತ್ತು. ಅದರೊಳಗಿನ ಫ್ಲೋಟ್ ತೂತಾದರೆ ಪೆಟ್ರೋಲ್ ಎಳೆತದ ಪೈಪಿನಲ್ಲೇ ಮ್ಯಾನಿಫೋಲ್ಡಿಗೆ (ಕಾರ್ಬ್ಯುರೇಟರಿನಿಂದ ಎಂಜಿನ್ನಿಗೆ ಹೋಗುವ ಕೊಳವೆ) ಹೋಗುತ್ತದೆ. ಕಪ್ಪು ಹೊಗೆ, ಹಸಿ ಪ್ಲಗ್ ಎಲ್ಲವೂ ಅದೇ ರೀತಿ. ಆ ಸಣ್ಣ ಪೈಪನ್ನು ಮ್ಯಾನಿಫೋಲ್ಡಿನ ಕಡೆ ಬಿಚ್ಚಿ ನೋಡಿ, ಒಳಗೆ ಒಣಗಿರಬೇಕು. ಎರಡನೆಯದು ಮೆಕ್ಯಾನಿಕಲ್ ಪಂಪಿನೊಳಗಿನ ಹರಿದ ಪೊರೆ, ಡಯಾಫ್ರಾಮ್. ಅದು ಪೆಟ್ರೋಲನ್ನು ಆಯಿಲ್ ಚೇಂಬರಿಗೆ ಬಿಡುತ್ತದೆ. ಡಿಪ್ ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಏರಿದ್ದು ಕಂಡು ಕಾರ್ಬ್ಯುರೇಟರನ್ನು ಬೈಯುವ ಮೊದಲು ಪಂಪ್ ಬಿಚ್ಚಿ.

ಒತ್ತಡ

ಒಂದು ಮೀಟರ್ ಎತ್ತರದ ಪೆಟ್ರೋಲಿನ ಒತ್ತಡ ಸುಮಾರು 1 ಪಿಎಸ್‌ಐ (ಚದರ ಇಂಚಿಗೆ ಒಂದು ಪೌಂಡ್). ಆರಂಭದ ಆಸ್ಟಿನ್ ಸೆವೆನ್‌ನಂತೆ ಡ್ಯಾಶ್ ಬೋರ್ಡಿನ ಮುಂದೆ ಟ್ಯಾಂಕಿರುವ ಗಾಡಿಯಲ್ಲಿ ಅರ್ಧ ಮೀಟರ್ ಎತ್ತರ ಸಿಕ್ಕರೆ ಹೆಚ್ಚು, ಅಂದರೆ ಅರ್ಧ ಪಿಎಸ್‌ಐ. ಸೀಟಿನ ತೂತು 2.5 ಮಿ.ಮೀ. ಎಂದುಕೊಳ್ಳಿ. ಅರ್ಧ ಮೀಟರ್ ಪೆಟ್ರೋಲ್ ಆ ನೀಡಲನ್ನು ನೂಕುವ ಬಲ 2 ಗ್ರಾಂ ತೂಕಕ್ಕೂ ಕಡಿಮೆ. 3 ಪಿಎಸ್‌ಐ ಪಂಪ್ ಹಾಕಿದರೆ 10 ಗ್ರಾಂ. ಬಜಾರಿನಲ್ಲಿ ಸಿಗುವ ಎಲೆಕ್ಟ್ರಿಕ್ ಪಂಪ್ 5 ಪಿಎಸ್‌ಐ ಕೊಟ್ಟರೆ 17 ಗ್ರಾಂ. ಎರಡು ಗ್ರಾಮಿಗೆಂದು ಮಾಡಿದ ಫ್ಲೋಟ್ ಹದಿನೇಳು ಗ್ರಾಂ ತಡೆಯಬೇಕೆಂದರೆ ಇನ್ನಷ್ಟು ಆಳಕ್ಕೆ ಮುಳುಗಬೇಕು, ಅಂದರೆ ಮಟ್ಟ ಏರಲೇಬೇಕು. ‘ಹೊಸ ಪಂಪ್ ಹಾಕಿಸಿದ ಮೇಲೆ ಓವರ್ ಆಗಾಕ ಹತ್ತೇತಿ’ ಎಂಬ ದೂರಿನ ಹಿಂದೆ ಇರುವುದು ಇದೇ.

ಪಂಪ್ ಮತ್ತು ಕಾರ್ಬ್ಯುರೇಟರ್ ನಡುವೆ ಟಿ ಜೋಡಣೆ ಹಾಕಿ, 0ರಿಂದ 10 ಪಿಎಸ್‌ಐ ತೋರಿಸುವ ಗೇಜ್ ಕೂರಿಸಿ. ಪಂಪಿಗೆಂದೇ ಮಾಡಿದ ಹಳೇ ಕಾರ್ಬ್ಯುರೇಟರುಗಳಿಗೆ 1.5ರಿಂದ 3 ಪಿಎಸ್‌ಐ ಸಾಕು. ಮೇಲಿನ ಟ್ಯಾಂಕಿಗೆಂದು ಮಾಡಿದ ಕಾರ್ಬ್ಯುರೇಟರಿಗೆ ಪಂಪ್ ಹಾಕದಿರುವುದೇ ಲೇಸು. ಹಾಕಲೇಬೇಕಾದರೆ ರೆಗ್ಯುಲೇಟರ್ ಇಟ್ಟು 1 ಪಿಎಸ್‌ಐ ಆಸುಪಾಸಿಗೆ ಇಳಿಸಿ. ಇನ್ನೊಂದು ಮಾತು: ಮೇಲಿನ ಟ್ಯಾಂಕಿನ ಗಾಡಿಗೆ ಕಾಗದದ ಫಿಲ್ಟರ್ ಹಾಕಬೇಡಿ. ಆ ಸಣ್ಣ ಒತ್ತಡಕ್ಕೆ ಪೆಟ್ರೋಲ್ ಅದರೊಳಗೆ ಹಾಯುವುದು ಕಷ್ಟ. ಹಿತ್ತಾಳೆ ಜಾಳಿಗೆಯದು ಹಾಕಿ.

ನೀಡಲ್ ಮತ್ತು ಸೀಟ್

ಹೆಚ್ಚಿನ ಗಾಡಿಗಳ ರೋಗ ಇಲ್ಲೇ. ನವಲಗುಂದ, ಗದಗ ಕಡೆಯ ಎರೆಹೊಲದ ಧೂಳು ಬೇಸಿಗೆಯಲ್ಲಿ ಟ್ಯಾಂಕಿನ ಮುಚ್ಚಳದ ಸಂದಿಯಿಂದಲೂ ಒಳಗೆ ಹೋಗುತ್ತದೆ, ಹಳೇ ಟ್ಯಾಂಕಿನ ತುಕ್ಕು ಅದಕ್ಕೆ ಸೇರುತ್ತದೆ. 2025ರ ಹೊತ್ತಿಗೆ ಬಂಕುಗಳಲ್ಲಿ ಶೇ. 20 ಎಥನಾಲ್ ಸೇರಿದ ಪೆಟ್ರೋಲೇ ಸಾಮಾನ್ಯವಾಗಿದೆ. ಎಥನಾಲಿಗೆ ಎರಡು ಗುಣ: ನೀರು ಹೀರುವುದು, ವರ್ಷಗಟ್ಟಲೆ ಟ್ಯಾಂಕಿನ ಗೋಡೆಗೆ ಅಂಟಿದ ಜಿಡ್ಡನ್ನು ಕರಗಿಸಿ ತರುವುದು. ಬಹಳ ದಿನ ನಿಂತ ಗಾಡಿಗೆ ಈ ಪೆಟ್ರೋಲ್ ಹಾಕಿದ ಮೊದಮೊದಲು ಓವರ್ ಆಗುವುದು ಹೆಚ್ಚು, ಕಾರಣ ಆ ಜಿಡ್ಡು ಬಂದು ಸೀಟಿನಲ್ಲಿ ಕೂರುತ್ತದೆ.

ಕ್ರಮ ಹೀಗಿರಲಿ. ಟ್ಯಾಂಕಿನ ಟ್ಯಾಪ್ ಮುಚ್ಚಿ, ಕೆಳಗಿನ ಕಸ ಕೂರುವ ಬಟ್ಟಲನ್ನು ಬಿಚ್ಚಿ ಪೆಟ್ರೋಲನ್ನು ಗಾಜಿನ ಲೋಟಕ್ಕೆ ಹಿಡಿಯಿರಿ. ತಳದಲ್ಲಿ ಬೇರೆ ಪದರ ನಿಂತರೆ ನೀರಿದೆ, ಕೆಂಪು ಪುಡಿ ಕಂಡರೆ ತುಕ್ಕು. ಟ್ಯಾಂಕ್ ತೊಳೆಯದೆ ಮುಂದೆ ಹೋದರೆ ನಾಳೆ ಮತ್ತೆ ಇದೇ ಕೆಲಸ.

ಬಟ್ಟಲು ಸ್ವಚ್ಛವಾದ ಮೇಲೆ ಕಾರ್ಬ್ಯುರೇಟರಿನ ಮುಚ್ಚಳ ತೆಗೆದು ಫ್ಲೋಟಿನ ಕೀಲಿನ ಕಡ್ಡಿ ಎಳೆದು ನೀಡಲ್ ಹೊರಗೆ ತನ್ನಿ. ಪತ್ತಾರರು ಕಣ್ಣಿಗೆ ಸಿಕ್ಕಿಸಿಕೊಳ್ಳುವ 10 ಪಟ್ಟಿನ ಗಾಜು ಸಿಕ್ಕರೆ ಒಳ್ಳೆಯದು. ನೀಡಲಿನ ಮೊನೆಯ ಇಳಿಜಾರಿನ ಮೇಲೆ ಉಂಗುರದಂತಹ ಗೆರೆ ಹೊಳೆಯುತ್ತದೆ. ಉಗುರು ಆಡಿಸಿದಾಗ ಗೆರೆ ತಾಗದಿದ್ದರೆ ನೀಡಲ್ ನಡೆಯುತ್ತದೆ. ತಾಗಿದರೆ ಅದು ಸವೆದು ಮೆಟ್ಟಿಲಾಗಿದೆ, ಎಷ್ಟು ಉಜ್ಜಿದರೂ ಕೂರುವುದಿಲ್ಲ. ನೀಡಲ್, ಸೀಟ್ ಎರಡನ್ನೂ ಜೋಡಿಯಾಗಿ ಬದಲಿಸಿ. ಹಳೇ ಸೀಟಿಗೆ ಹೊಸ ನೀಡಲ್ ಹೊಂದುವುದು ಅಪರೂಪ. ಮೊನೆಗೆ ವಿಟಾನ್ ರಬ್ಬರ್ ಇರುವ ನೀಡಲ್ ಸಿಕ್ಕರೆ ಅದನ್ನೇ ಹಾಕಿ. ಒಂದಿಷ್ಟು ಕಸಕ್ಕೆ ಜಗ್ಗುವುದಿಲ್ಲ, ಎಥನಾಲಿಗೂ ತಾಳುತ್ತದೆ.

ಗೆರೆ ತೆಳ್ಳಗಿದ್ದರೆ ಹಿತ್ತಾಳೆ ಪಾಲಿಶ್ ಹಚ್ಚಿದ ಹತ್ತಿಯ ಕಡ್ಡಿಯಿಂದ ಸೀಟನ್ನು ಇಪ್ಪತ್ತು-ಮೂವತ್ತು ಸುತ್ತು ಉಜ್ಜಿ, ಪೆಟ್ರೋಲಿನಲ್ಲಿ ತೊಳೆದು, ಗಾಳಿ ಊದಿ. ಆಮೇಲೆ ಪೂರ್ತಿ ಲೋಹದ ನೀಡಲ್ ಆಗಿದ್ದರೆ ನೆಟ್ಟಗೆ ಸೀಟಿನಲ್ಲಿಟ್ಟು, ಪುಟ್ಟ ಸುತ್ತಿಗೆಯಿಂದ ಒಂದೇ ಒಂದು ಸಲ ಹಗುರಾಗಿ ತಟ್ಟಿ. ಮೆದು ಹಿತ್ತಾಳೆಯ ಸೀಟು ಮೊನೆಯ ಆಕಾರ ತಾಳುತ್ತದೆ. ಎರಡನೇ ಸಲ ತಟ್ಟುವ ಆಸೆ ಬಂದರೆ ಸುತ್ತಿಗೆ ಕೆಳಗಿಡಿ. ವಾಲ್ವ್ ಅರೆಯುವ ಪೇಸ್ಟ್ ಮಾತ್ರ ಯಾವ ಕಾರಣಕ್ಕೂ ಬೇಡ. ಅದರ ಕಣಗಳು ಹಿತ್ತಾಳೆಯೊಳಗೆ ನಾಟಿಕೊಂಡು ಮುಂದೆ ದಿನಾ ನೀಡಲನ್ನು ತಿನ್ನುತ್ತವೆ.

ಪರೀಕ್ಷೆಗೆ ಬಾಯಿ ಹಚ್ಚಬೇಡಿ, ಪೆಟ್ರೋಲ್ ವಿಷ. ಔಷಧಿ ಅಂಗಡಿಯ 20 ಮಿ.ಲೀ. ಸಿರಿಂಜಿಗೆ ರಬ್ಬರ್ ನಳಿಗೆ ಸಿಕ್ಕಿಸಿ ಪೆಟ್ರೋಲ್ ಬರುವ ತುದಿಗೆ ಜೋಡಿಸಿ. ನೀಡಲ್ ಸೀಟಿನಲ್ಲಿ ಕೂತಿರುವಂತೆ ಮುಚ್ಚಳವನ್ನು ಮಗುಚಿ ಹಿಡಿದು ಸಿರಿಂಜನ್ನು ಎಳೆಯಿರಿ. ಅರ್ಧ ನಿಮಿಷ ಎಳೆತ ಉಳಿದರೆ ಸೀಟು ಸರಿ. ನೀಡಲನ್ನು ಕಾಲು ಸುತ್ತು ತಿರುಗಿಸಿ ಮತ್ತೆರಡು ಸಲ ನೋಡಿ. ಒಂದು ದಿಕ್ಕಿನಲ್ಲಿ ಹಿಡಿದು ಇನ್ನೊಂದರಲ್ಲಿ ಬಿಟ್ಟರೆ ಮೊನೆ ದುಂಡಗಿಲ್ಲ. ಸೀಟಿನ ಹಿಂದಿನ ವಾಷರ್ ಸೋರಿದರೂ ಇದೇ ಲಕ್ಷಣ ಕಾಣುವುದರಿಂದ ಸೀಟ್ ಬಿಚ್ಚಿದಾಗಲೆಲ್ಲ ವಾಷರ್ ಹೊಸದಿರಲಿ.

ಫ್ಲೋಟ್: ಬೂಚಿನದು, ಹಿತ್ತಾಳೆಯದು

ಮಾಡೆಲ್ ಟಿ ಕಾಲದ ಹಲವು ಕಾರ್ಬ್ಯುರೇಟರುಗಳಲ್ಲಿ ಫ್ಲೋಟ್ ಬೂಚಿನದು, ಅಂದರೆ ಕಾರ್ಕಿನದು. ಪೆಟ್ರೋಲ್ ಹೀರದಂತೆ ಅದಕ್ಕೆ ಅರಗಿನ ವಾರ್ನಿಷ್ ಬಳಿಯುತ್ತಿದ್ದರು. ಅರಗು ಪೆಟ್ರೋಲಿಗೆ ಜಗ್ಗುವುದಿಲ್ಲ, ಆದರೆ ಸ್ಪಿರಿಟಿನಲ್ಲಿ ಕರಗುತ್ತದೆ. ಬಡಿಗರು ಪಾಲಿಶ್ ಮಾಡಲು ಅದನ್ನು ಸ್ಪಿರಿಟಿನಲ್ಲೇ ನೆನೆಸುವುದು. ಎಥನಾಲ್ ಎಂದರೆ ಅದೇ ಸ್ಪಿರಿಟ್. ನೂರು ವರ್ಷ ತಡೆದ ಪದರವನ್ನು ಇಂದಿನ ಬಂಕಿನ ಪೆಟ್ರೋಲ್ ಮೆಲ್ಲಗೆ ನೆಕ್ಕಿ ತೆಗೆಯುತ್ತದೆ. ಬಾವಿಯಲ್ಲಿ ಈಜು ಕಲಿಯುವ ಹುಡುಗನ ಬೆಂಡು ನೆನೆದರೆ ಏನಾಗುತ್ತದೋ ಫ್ಲೋಟಿಗೂ ಅದೇ ಗತಿ. ಮೇಲಾಗಿ ಕರಗಿದ ಅರಗು ಜೆಟ್ಟಿನಲ್ಲಿ ಹೋಗಿ ಕೂರುತ್ತದೆ: ನಿಂತಾಗ ಓವರ್, ಓಡುವಾಗ ಬರ.

ನಿಮ್ಮ ಫ್ಲೋಟಿನ ಮೇಲಿರುವುದು ಅರಗೋ ಅಲ್ಲವೋ ತಿಳಿಯಲು ಹತ್ತಿಗೆ ಸ್ಪಿರಿಟ್ ಹಚ್ಚಿ ಒಂದು ಮೂಲೆ ಉಜ್ಜಿ. ಹತ್ತಿ ಕಂದಾಗಿ ಅಂಟಂಟಾದರೆ ಅರಗು. ಪೂರ್ತಿ ತೆಗೆದುಬಿಡಿ. ಬೂಚನ್ನು ಗಾಳಿಯಾಡುವ ನೆರಳಿನಲ್ಲಿ ಮೂರು ದಿನ ಒಣಗಿಸಿ. ಒಲೆಯ ಹತ್ತಿರ ಬೇಡ. ನುಣುಪಾದ ಉಪ್ಪುಕಾಗದದಿಂದ ತೀಡಿ, ನೀರಿನಷ್ಟು ತೆಳ್ಳಗಿನ ಸೂಪರ್ ಗ್ಲೂವನ್ನು ಮೂರು ತೆಳು ಪದರ ಹಚ್ಚಿ. ಒಂದು ಪದರ ಒಣಗಿದ ಮೇಲೇ ಮುಂದಿನದು. ತೂತು, ಕುಳಿಗಳ ಒಳಗೂ ಇಳಿಯಬೇಕು. ತೂಕ ಬರೆದಿಟ್ಟು, ಒಂದು ದಿನ ಪೂರ್ತಿ ಪೆಟ್ರೋಲಿನ ಮುಚ್ಚಿದ ಡಬ್ಬಿಯಲ್ಲಿ ಮುಳುಗಿಸಿಟ್ಟು ಒರೆಸಿ ಮತ್ತೆ ತೂಗಿ. ಗ್ರಾಮಿನ ಐದನೇ ಒಂದು ಪಾಲಿಗಿಂತ ಹೆಚ್ಚಾಗಿದ್ದರೆ ಎಲ್ಲೋ ಹೀರುತ್ತಿದೆ, ಮತ್ತೊಂದು ಪದರ ಬೇಕು. ಅಡುಗೆಮನೆಯ ತಕ್ಕಡಿಗೆ ಇಷ್ಟು ನಯ ಇರದು, ಪತ್ತಾರರ ತಕ್ಕಡಿ ಬೇಕು. ಗ್ಯಾಸ್ಕೆಟ್ ಮಾಡುವ ಕಾರ್ಕ್ ಹಾಳೆಯನ್ನು ಅಂಟಿಸಿ ಫ್ಲೋಟ್ ಮಾಡುವ ಉಪಾಯ ಬೇಡ, ಪುಡಿ ಬೂಚಿಗೆ ಅಂಟು ಸೇರಿಸಿ ಒತ್ತಿದ ಆ ಹಾಳೆ ಭಾರ.

ಹಿತ್ತಾಳೆ ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಕುಲುಕಿದರೆ ತೂತು ಖಚಿತ. ಕುಲುಕದಿದ್ದರೂ ನಂಬಬೇಡಿ, ಒಲೆಯಿಂದ ಇಳಿಸಿ ಹೊರಗೆ ತಂದ ಬಿಸಿನೀರಿನಲ್ಲಿ, ಕೈ ಇಡಲಾಗದಷ್ಟು ಕಾವಿರುವಾಗ, ಮುಳುಗಿಸಿ ಹಿಡಿಯಿರಿ. ಗುಳ್ಳೆಯ ಸಾಲು ಎದ್ದ ಜಾಗಕ್ಕೆ ಮೊಳೆಯಿಂದ ಗೀರಿ ಗುರುತು ಮಾಡಿ.

ಬೆಸುಗೆ ಹಾಕುವಾಗ ಆತುರ ಬೇಡ. ಒಳಗೆ ಪೆಟ್ರೋಲ್ ಆವಿ ಇರುವಾಗ ಬೆಂಕಿ ತಾಗಿಸಿದರೆ ಫ್ಲೋಟ್ ಸಿಡಿಯುತ್ತದೆ. ಎದುರು ಬದಿಗೆ 1 ಮಿ.ಮೀ. ತೂತು ಕೈಯ ಡ್ರಿಲ್ಲಿನಿಂದ ಕೊರೆದು ಪೆಟ್ರೋಲ್ ಬಸಿಯಿರಿ. ಬಿಸಿನೀರು ಬದಲಿಸುತ್ತ ಒಳಗೂ ನೀರು ಆಡಿಸಿ ವಾಸನೆ ಹೋಗುವ ತನಕ ತೊಳೆದು, ಬಿಸಿಲಲ್ಲಿ ಒಂದು ದಿನ ಒಣಗಿಸಿ. ಬೆಂಕಿಯ ನಳಿಗೆ ಅಲ್ಲ, ಬೆಸುಗೆ ಕಡ್ಡಿಯೇ ಬಳಸಿ. ಮೊದಲು ಹಳೇ ತೂತು ಮುಚ್ಚಿ, ಫ್ಲೋಟ್ ಪೂರ್ತಿ ಆರಿದ ಮೇಲೆ ಕೊರೆದ ತೂತನ್ನು ಮುಚ್ಚಿ. ಬಿಸಿಯಿರುವಾಗಲೇ ಮುಚ್ಚಲು ಹೋದರೆ ಒಳಗಿನ ಗಾಳಿ ಹಿಗ್ಗಿ ಕರಗಿದ ತವರವನ್ನು ಹೊರಗೆ ಊದುತ್ತದೆ. ತವರ ಆದಷ್ಟು ಕಡಿಮೆ ಇರಲಿ. 40 ಮಿ.ಮೀ. ಅಗಲದ ದುಂಡು ಫ್ಲೋಟಿಗೆ 1 ಗ್ರಾಂ ತೂಕ ಹೆಚ್ಚಾದರೆ ಅದು ಸುಮಾರು 1 ಮಿ.ಮೀ. ಹೆಚ್ಚು ಮುಳುಗುತ್ತದೆ, ಪೆಟ್ರೋಲ್ ಮಟ್ಟವೂ ಅಷ್ಟೇ ಏರುತ್ತದೆ. ಮಟ್ಟದ ಒಟ್ಟು ಅಂತರವೇ ಎರಡು-ಮೂರು ಮಿ.ಮೀ. ಎಂಬುದನ್ನು ನೆನಪಿಡಿ, ಹೆಚ್ಚಾದ ತವರವನ್ನು ಅರದಿಂದ ತೀಡಿ ತೆಗೆಯಬೇಕು. ಕೆಲವು ಫ್ಲೋಟುಗಳಿಗೆ ಮೇಲು-ಕೆಳಗಿದೆ, ಬಿಚ್ಚುವಾಗಲೇ ಗುರುತು ನೋಡಿಕೊಳ್ಳಿ. ತಲೆಕೆಳಗಾಗಿ ಹಾಕಿದ ಫ್ಲೋಟಿಗೆ ಯಾವ ಔಷಧವೂ ಇಲ್ಲ.

ಈಗ ಮಟ್ಟ, ಬೇಕಾದರೆ ನಾಲಿಗೆ

ಮೇಲಿನದೆಲ್ಲ ಸರಿಯಾದ ಮೇಲೆ ಮುಚ್ಚಳ ಕೂರಿಸಿ, ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ. ಫ್ಲೋಟ್ ಚೇಂಬರಿನ ತಳದ ಬೋಲ್ಟ್ ತೆಗೆದು ಅಲ್ಲಿ ಹೊಂದುವ ನಳಿಗೆ ಕೂರಿಸಿ, ಅದಕ್ಕೆ ಪಾರದರ್ಶಕ ಪೈಪ್ ಸಿಕ್ಕಿಸಿ ಚೇಂಬರಿನ ಮೈಗೆ ಒತ್ತಿ ಮೇಲಕ್ಕೆ ಹಿಡಿಯಿರಿ. ಟ್ಯಾಪ್ ತೆರೆಯಿರಿ. ಪೈಪಿನಲ್ಲಿ ಪೆಟ್ರೋಲ್ ನಿಂತ ಗೆರೆಯೇ ಒಳಗಿನ ನಿಜವಾದ ಮಟ್ಟ, ನಿಮ್ಮ ಗಾಡಿಯ ನಿಜವಾದ ಒತ್ತಡದಲ್ಲಿ. ಮುಚ್ಚಳ ಮಗುಚಿ ಸ್ಕೇಲ್ ಹಿಡಿಯುವುದಕ್ಕಿಂತ ಇದು ನಂಬಿಕೆಯ ದಾರಿ. ಕಂಪನಿ ಪುಸ್ತಕ ಇದ್ದರೆ ಅದರ ಅಳತೆ ಹಿಡಿಯಿರಿ. ಉದಾಹರಣೆಗೆ ಎಸ್‌ಯು ಕಂಪನಿಯ ಹಳೇ ಕಾರ್ಬ್ಯುರೇಟರುಗಳಲ್ಲಿ ಮುಚ್ಚಳ ಮಗುಚಿದಾಗ ನೀಡಲನ್ನು ಒತ್ತುವ ಕವಲಿನ ಕೆಳಗೆ ಚೇಂಬರಿನ ಗಾತ್ರಕ್ಕೆ ತಕ್ಕಂತೆ 3/8 ಅಥವಾ 7/16 ಇಂಚಿನ ಸರಳು ಹಿಡಿಸಬೇಕು. ಅದೇ ಅಳತೆಯ ಡ್ರಿಲ್ ಬಿಟ್ಟಿನ ಹಿಂಬದಿ ಸಾಕು.

ಸೀಟು ಮುಚ್ಚಳದ ಕೆಳಗಿನಿಂದ ತಿರುಗಿಸಿ ಹಾಕುವಂಥದ್ದಾದರೆ ನಾಲಿಗೆ ಮುಟ್ಟದೆಯೇ ಮಟ್ಟ ಇಳಿಸಬಹುದು. ಸೀಟಿನ ವಾಷರ್ ದಪ್ಪ ಮಾಡಿದರೆ ಸೀಟು ಕೆಳಗಿಳಿದು, ಫ್ಲೋಟ್ ಬೇಗ ಮುಚ್ಚಿ, ಮಟ್ಟ ಕಡಿಮೆಯಾಗುತ್ತದೆ. ತಪ್ಪಿದರೆ ವಾಷರ್ ಬದಲಿಸಿ ಹಿಂದಕ್ಕೆ ಬರಬಹುದು, ಬಗ್ಗಿಸಿದ ಹಿತ್ತಾಳೆ ನಾಲಿಗೆ ಹತ್ತು ಸಲಕ್ಕೆ ಮುರಿಯುತ್ತದೆ. ನಾಲಿಗೆಯನ್ನೇ ಬಗ್ಗಿಸಬೇಕಾದರೆ ಲೆಕ್ಕ ತಲೆಯಲ್ಲಿರಲಿ: ನಾಲಿಗೆ ಕೀಲಿನಿಂದ 10 ಮಿ.ಮೀ. ದೂರದಲ್ಲಿದ್ದು ಫ್ಲೋಟಿನ ನಡು 40 ಮಿ.ಮೀ. ದೂರದಲ್ಲಿದ್ದರೆ, ನಾಲಿಗೆಯಲ್ಲಿ ಅರ್ಧ ಮಿ.ಮೀ. ಎಂದರೆ ಫ್ಲೋಟಿನಲ್ಲಿ ಎರಡು. ನೀಡಲನ್ನು ಸೀಟಿಗೆ ಒತ್ತಿಟ್ಟುಕೊಂಡು ಎಂದೂ ಬಗ್ಗಿಸಬೇಡಿ, ಮೊನೆ ಹಾಳಾಗುತ್ತದೆ.

ಅತಿಯಾಗಿ ಇಳಿಸುವುದೂ ಬೇಡ. ಯಲ್ಲಾಪುರ ದಾಟಿ ಅರಬೈಲ್ ಘಾಟಿನಲ್ಲಿ ಇಳಿದು ಹತ್ತುವ ಗಾಡಿ ವಾಲಿದಾಗ ಚೇಂಬರಿನಲ್ಲಿ ಪೆಟ್ರೋಲೂ ವಾಲುತ್ತದೆ. ಚೇಂಬರ್ ಜೆಟ್ಟಿನ ಮುಂದಿದ್ದರೆ ಏರಿನಲ್ಲಿ ಜೆಟ್ಟಿನ ಮಟ್ಟ ಹೆಚ್ಚುತ್ತದೆ, ಹಿಂದಿದ್ದರೆ ತಗ್ಗುತ್ತದೆ. ಡ್ರೈವರ್ ಕೂರುವ ಸೀಟಿನ ಕೆಳಗೆ ಟ್ಯಾಂಕಿದ್ದ ಮಾಡೆಲ್ ಟಿಗಳನ್ನು ಕಡಿದಾದ ಏರಿನಲ್ಲಿ ರಿವರ್ಸ್ ಹತ್ತಿಸುತ್ತಿದ್ದುದು ಪೆಟ್ರೋಲ್ ಇಳಿಯಲೆಂದೇ.

ಬೇಸಿಗೆಯ ಕಾವು

ಪೆಟ್ರೋಲಿನ ಹಗುರ ಅಂಶಗಳು 35-40 ಡಿಗ್ರಿಯಲ್ಲೇ ಕುದಿಯಲು ತೊಡಗುತ್ತವೆ. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಹಾವೇರಿಯಿಂದ ಬಂದು ಎಂಜಿನ್ ಆರಿಸಿದರೆ, ಗಾಳಿ ನಿಂತು ಸೈಲೆನ್ಸರಿನ ಕಾವು ಚೇಂಬರಿಗೆ ಏರುತ್ತದೆ, ಆವಿ ಪೆಟ್ರೋಲನ್ನು ಜೆಟ್ಟಿನಿಂದ ಹೊರಗೆ ನೂಕುತ್ತದೆ. ಕಾರ್ಬ್ಯುರೇಟರ್ ಮತ್ತು ಮ್ಯಾನಿಫೋಲ್ಡ್ ನಡುವೆ 6ರಿಂದ 10 ಮಿ.ಮೀ. ದಪ್ಪದ, ಕಾವು ತಡೆಯುವ ಬೇಕಲೈಟ್ ತುಂಡು, ಸೈಲೆನ್ಸರ್ ಕಡೆಗೊಂದು ತಗಡಿನ ಮರೆ, ನಿಲ್ಲಿಸಿದ ಕೂಡಲೇ ತೆರೆದ ಬಾನೆಟ್: ಇಷ್ಟಕ್ಕೆ ಬಹುಪಾಲು ಗಾಡಿಗಳು ಸುಮ್ಮನಾಗುತ್ತವೆ. ಚೇಂಬರಿನ ಮುಚ್ಚಳದಲ್ಲಿರುವ ಗಾಳಿಯ ತೂತು ಜಿಡ್ಡಿನಿಂದ ಮುಚ್ಚಿದೆಯೇ ಎಂದೂ ನೋಡಿ. ಆವಿಗೆ ಬೇರೆ ದಾರಿ ಇಲ್ಲದಿದ್ದರೆ ಜೆಟ್ಟೇ ದಾರಿ.

ಓವರ್ ಆದ ಎಂಜಿನ್ ಎಬ್ಬಿಸುವುದು

ನೆಲದ ಮೇಲೆ ಪೆಟ್ರೋಲ್ ಇದ್ದರೆ ಗಾಡಿಯನ್ನು ಬೇರೆ ಕಡೆ ನೂಕಿ, ಬಾನೆಟ್ ತೆರೆದು ವಾಸನೆ ಹೋಗುವ ತನಕ ಕಾಯಿರಿ. ಟ್ಯಾಪ್ ಮುಚ್ಚಿ. ಚೋಕ್ ಪೂರ್ತಿ ತೆಗೆಯಿರಿ, ಆಕ್ಸಿಲರೇಟರ್ ಪೂರ್ತಿ ತೆರೆಯಿರಿ. ಸ್ವಿಚ್ ಆಫ್ ಇಟ್ಟೇ ಏಳೆಂಟು ಸುತ್ತು ಹ್ಯಾಂಡಲ್ ತಿರುಗಿಸಿ ಒಳಗಿನ ಹಸಿ ಹೊರಹಾಕಿ, ಆಮೇಲೆ ಸ್ವಿಚ್ ಹಾಕಿ. ಸ್ಪಾರ್ಕ್ ಲಿವರ್ ಇದ್ದರೆ ಕಿಡಿ ತಡವಾಗಿ ಹಾರುವಂತೆ ಹಿಂದಕ್ಕೆ ಇಟ್ಟಿರಬೇಕು, ಹ್ಯಾಂಡಲಿನ ಮೇಲೆ ಹೆಬ್ಬೆರಳು ಉಳಿದ ಬೆರಳುಗಳ ಬದಿಗೇ ಇರಬೇಕು, ಸುತ್ತಿ ಹಿಡಿಯಬಾರದು. ಎಂಜಿನ್ ಹಿಂದಕ್ಕೆ ಒದ್ದರೆ ಮುರಿಯುವುದು ಹೆಬ್ಬೆರಳೇ. ಎದ್ದ ಮೇಲೆ ಆಕ್ಸಿಲರೇಟರ್ ಇಳಿಸಿ ಟ್ಯಾಪ್ ತೆರೆಯಿರಿ.

ಹ್ಯಾಂಡಲ್ ಒಂದೆಡೆ ಗಟ್ಟಿಯಾಗಿ ತಡೆದು ನಿಂತರೆ ಬಲ ಹಾಕಬೇಡಿ, ಸಿಲಿಂಡರಿನಲ್ಲಿ ಪೆಟ್ರೋಲ್ ನಿಂತಿರಬಹುದು. ದ್ರವ ಗಾಳಿಯಂತೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಎಲ್ಲ ಪ್ಲಗ್ ಬಿಚ್ಚಿ, ಪ್ಲಗ್ಗಿನ ತಂತಿಗಳನ್ನು ದೂರವಿಟ್ಟು, ಸ್ವಿಚ್ ಆಫ್ ಇಟ್ಟು ಮೆಲ್ಲಗೆ ತಿರುಗಿಸಿ. ನಂತರ ಡಿಪ್ ಸ್ಟಿಕ್ ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಅಥವಾ ಆಯಿಲ್ ಮಟ್ಟ ಏರಿದ್ದರೆ ಎಂಜಿನ್ ಎಬ್ಬಿಸುವ ಮುನ್ನವೇ ಆಯಿಲ್ ಬದಲಿಸಿ. ತೆಳುವಾದ ಆ ಆಯಿಲಿನಲ್ಲಿ ಹತ್ತು ನಿಮಿಷ ಓಡಿಸಿದರೂ ಬೇರಿಂಗ್ ಉಜ್ಜಿ ಹೋಗುತ್ತವೆ, ಅವುಗಳ ಖರ್ಚಿನ ಮುಂದೆ ನೀಡಲ್-ಸೀಟಿನ ಬೆಲೆ ಲೆಕ್ಕಕ್ಕೇ ಇಲ್ಲ.